ಸುಡುವ ಬಟನ್

ತನ್ನ ಪಾಲಿನ ಒಂದು ಕೋಟಿ ಕ್ರಿಪ್ಟೋ ನಾಣ್ಯಗಳನ್ನು ಶಾಶ್ವತವಾಗಿ ಸುಟ್ಟು, ಅಂದರೆ ಕಂಪ್ಯೂಟರಿನ ಲೆಕ್ಕದಿಂದಲೇ ಅಳಿಸಿಹಾಕಿ, ಉಳಿದವರ ನಾಣ್ಯಕ್ಕೆ ಬೆಲೆ ಬರಿಸುತ್ತೇನೆಂದು ಉಮಾಪತಿ ಮೂರು ವರ್ಷದ ಹಿಂದೆ ವೇದಿಕೆಯ ಮೇಲೆ ಎದೆ ತಟ್ಟಿ ಹೇಳಿದ್ದ. ಅವನು ಹುಟ್ಟುಹಾಕಿದ್ದು ಒಟ್ಟು ಎರಡು ಕೋಟಿ; ಈವರೆಗೆ ಸುಟ್ಟಿದ್ದು ಒಂದೂ ಇಲ್ಲ. ಅವನ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುವ, ಇಬ್ಬರು ಮಕ್ಕಳ ತಾಯಿ ವಾರಿಜಾಗೆ ಸಂಬಳವೆಂದು ಸಿಗುತ್ತಿದ್ದುದೂ ಅದೇ ನಾಣ್ಯ. ಅಂಗಡಿಯವನು ಅದಕ್ಕೆ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನೂ ಕೊಡುತ್ತಿರಲಿಲ್ಲ.

ನಾಣ್ಯಗಳ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡಿಗೆ ಹೊಸದೇನು ಸೇರಿಸೋಣವೆಂದು ಉಮಾಪತಿ ಸಭೆ ಕರೆದ.

“ಯಾರ ಹತ್ರ ಎಷ್ಟಿದೆ ಅಂತ ತೋರಿಸೋಣ ಸಾರ್,” ಎಂದಳು ವಾರಿಜಾ.

“ಮನೆ ಗುಟ್ಟು ಬೀದಿಗೆ ಯಾಕಮ್ಮ? ಒಂದು ‘ಸುಡು’ ಬಟನ್ ಇಡಿ. ಒತ್ತಿದ್ರೆ ಧಗಧಗ ಬೆಂಕಿ ಏಳ್ಬೇಕು, ಸಂಖ್ಯೆ ಸರ್ರಂತ ಇಳೀಬೇಕು. ನನ್ನ ಹೆಬ್ಬೆಟ್ಟಿನ ಗುರುತೂ ಕೇಳ್ಲಿ. ಬರೀ ನಾಟಕ, ಆದ್ರೆ ನೋಡೋರಿಗೆ ಥೇಟ್ ನಿಜ ಅನ್ನಿಸ್ಬೇಕು.”

“ಅಂಥಾ ನಾಟಕಕ್ಕೆ ಒಂದು ತಿಂಗಳು ಬೇಕು ಸಾರ್.”

“ತಿಂಗಳಾ? ದೇವಸ್ಥಾನ ಕಟ್ತೀರಾ? ವಾರದಲ್ಲಿ ಮುಗ್ಸಿ.”

ಮುಂದಿನ ವಾರ, ನಾಣ್ಯ ಕೊಂಡವರೆಲ್ಲ ಸೇರಿದ್ದ ಸಭೆಯಲ್ಲಿ ಉಮಾಪತಿ ಬಟನ್ ಮೇಲೆ ಹೆಬ್ಬೆಟ್ಟೊತ್ತಿದ. ಪರದೆಯಲ್ಲಿ ಜ್ವಾಲೆ ಎದ್ದಿತು. ಎರಡು ಕೋಟಿ ಒಂದು ಕೋಟಿಯಾಯಿತು. ಜನ ಶಿಳ್ಳೆ ಹೊಡೆದರು. ಅವನು ಎಲ್ಲರಿಗೂ ಕೈಮುಗಿದು, ವಾರಿಜಾಳ ಕಡೆ ಬಾಗಿ ಪಿಸುಗುಟ್ಟಿದ.

“ಭೇಷ್ ಕಣಮ್ಮಾ! ಇವರೆಲ್ಲ ಹೋದ್ಮೇಲೆ ಸಂಖ್ಯೆ ಮೊದಲಿನ ಹಾಗೇ ಮಾಡ್ಬಿಡಿ.”

“ಆಗಲ್ಲ ಸಾರ್. ವಾರದಲ್ಲಿ ನಾಟಕ ಮುಗೀಲಿಲ್ಲ, ನಿಜವಾಗ್ಲೂ ಸುಡೋ ಬಟನ್ನನ್ನೇ ಜೋಡಿಸ್ದೆ.”

ಉಮಾಪತಿ ಕೊಟ್ಟ ಮಾತು ಉಳಿಸಿಕೊಂಡಿದ್ದ.