ಬಾಯೊಳಗಿನ ರೊಟ್ಟಿ

"ಈಕಿನ್ನ ಯಾರು ಕರದಾರ?" ಬಿಸಿ ರೊಟ್ಟಿ, ಪುಂಡಿಪಲ್ಯ ಅಗಿಯುತ್ತಲೇ ಕುಲದ ಹಿರಿಯ ಬಸವಂತ್ರಾಯ ಗುಡುಗಿದ. ದೇವಕ್ಕನ ಮನೆಯ ಮದುವೆಗೆಂದು ರೊಟ್ಟಿ ಬಡಿಯುತ್ತಿದ್ದ ಓಣಿಯ ಹೆಂಗಸರ ಕೈಗಳು ನಿಂತವು.

ಮೂಲೆಯ ಒಲೆಯ ಮುಂದೆ ಯಂಕಮ್ಮ ಕೂತಿದ್ದಳು. ಕಡೇಚೂರಿನ ಕಾರ್ಖಾನೆಯಲ್ಲಿ ಜೊತೆಗೆ ದುಡಿಯುವ ಬೇರೆ ಜಾತಿಯ ಹುಡುಗನನ್ನು ಮಗಳು ಮದುವೆಯಾದಳೆಂದು ಹೋದ ತಿಂಗಳು ಅವಳ ಮನೆಗೆ ಬಹಿಷ್ಕಾರ ಹಾಕಿಸಿದವನು ಇವನೇ.

"ನಾನೇ ಕರದೀನ್ರಿ," ಎಂದಳು ದೇವಕ್ಕ.

"ಕುಲದಾಗಿಂದ ಹೊರಗ ಹಾಕಿದಾಕಿ ಕೈಯಾಗಿನ ರೊಟ್ಟಿ ಮಂದಿ ತಿನ್ನಬೇಕೇನು? ಆಕಿ ಬಡದದ್ದೆಲ್ಲಾ ತಗದು ದನಕ್ಕ ಹಾಕ್ರಿ!"

ಯಂಕಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದಳು. ಎಲ್ಲರ ರೊಟ್ಟಿಯನ್ನೂ ಒಟ್ಟಿಗೆ ಪೇರಿಸಿದ್ದ ಬುಟ್ಟಿಯನ್ನು ಎತ್ತಿ ಅವನ ಎದೆಗೇ ಹಿಡಿದಳು.

"ನೀವೇ ಆರಿಸಿ ತಗೀರಿ, ಕಾಕಾ. ಇದರಾಗ ನನ್ನವು ಯಾವು, ಕುಲದವರವು ಯಾವು?"

ಬಸವಂತ್ರಾಯ ಬುಟ್ಟಿಯೊಳಗೆ ನೋಡಿದ. ಎಲ್ಲವೂ ಒಂದೇ ತೆಳುವು, ಒಂದೇ ಅಗಲ, ಅದೇ ಬಿಳಿ ಜೋಳ.

"ಗೊತ್ತಾಗವಲ್ದೇನ್ರಿ? ಹಂಗಾದ್ರ ಇದನ್ನರ ಹೇಳ್ರಿ. ನಿಮ್ಮ ಬಾಯಾಗ ಇರೋದು ಯಾರದು?"

ತುತ್ತು ಅವನ ದವಡೆಯಲ್ಲೇ ನಿಂತಿತು. ಅವನ ಬೆನ್ನ ಹಿಂದೆ ದೇವಕ್ಕ ರೊಟ್ಟಿ ಬಡಿಯತೊಡಗಿದಳು. ಆಮೇಲೆ ಉಳಿದವರೂ.