ಲೆಟಿಯ ಹೆಸರಿನ ಮೋಟಾರು

ಸಾವಿರದ ಒಂಬೈನೂರ ನಾಲ್ಕನೆಯ ಇಸವಿ, ಫೆಬ್ರವರಿಯ ಒಂದು ಶನಿವಾರ, ಬೆಳಗಿನ ಎಂಟು ಗಂಟೆ. ಕಾವೆಂಟ್ರಿಯಲ್ಲಿ ಸೈಕಲ್ ತಯಾರಿಸಿಕೊಂಡಿದ್ದ ಏಮಸ್ ತನ್ನ ಮೊದಲ ಮೋಟಾರು ಗಾಡಿಯನ್ನು ಕಟ್ಟಿ ಮುಗಿಸಿದ್ದ. ಹೆಂಡತಿ ಹೆಸ್ಟರ್ ಚಹಾ ಹಿಡಿದು ಕಾರ್ಖಾನೆಯ ಬಾಗಿಲಿಗೆ ಬಂದಾಗ ಒಳಗಿನಿಂದ ಮೆಕ್ಯಾನಿಕ್ ಜೋಬನ ದನಿ ಕೇಳಿಸಿತು.

“ಏ ಲೆಟಿ, ದರಿದ್ರದವಳೇ, ಎದ್ದೇಳೇ. ಸೊಂಟ ಮುರೀತೀನಿ ನೋಡು.”

ಅವಳ ಕಾಲು ಅಲ್ಲೇ ನಿಂತಿತು. ಲೆಟಿ ಅವಳ ಮಗಳು. ಎಂಟನೇ ವಯಸ್ಸಿಗೆ ಜ್ವರದಲ್ಲಿ ಹೋಗಿ ಮೂರು ವರ್ಷವಾಗಿತ್ತು. ಒಳಗೆ ಹೋಗಿ ನೋಡಿದರೆ ಮೋಟಾರಿನ ಮೂತಿಯ ಮೇಲೆ ಮಗಳ ಹೆಸರು ಹಿತ್ತಾಳೆಯಲ್ಲಿ ಹೊಳೆಯುತ್ತಿತ್ತು. ಜೋಬ್ ಚಕ್ರಕ್ಕೆ ಒದೆಯುತ್ತಿದ್ದವನು ಟೋಪಿ ತೆಗೆದ.

“ಅಮ್ಮಾವ್ರೇ, ನಾನು ಮೋಟಾರಿಗೆ ಅಂದಿದ್ದು.”

“ಗೊತ್ತಾಯ್ತು.”

ಏಮಸ್ ಕೈ ಒರೆಸಿಕೊಳ್ಳುತ್ತ ಬಂದ. “ಲಂಡನ್ನಿನ ಪ್ರದರ್ಶನದಲ್ಲೇ ನಿಂಗೆ ತೋರಿಸೋಣ ಅಂತಿದ್ದೆ. ಆ ಜರ್ಮನ್ ಮೋಟಾರಿಗೂ ಯಾರದೋ ಮಗಳ ಹೆಸರೇ. ಹೇಗೆ ಮಾರಾಟ ಆಗ್ತಿದೆ ನೋಡು.”

“ಆ ಹುಡುಗಿ ಬದುಕಿದ್ದಾಳೆ. ಯಾರಾದ್ರೂ ಬೈದ್ರೆ ನಗ್ತಾಳೆ. ತೆಗಿ ಅದನ್ನ.”

“ಸೋಮವಾರ ರೈಲು. ಪ್ರದರ್ಶನದ ಪಟ್ಟಿಯಲ್ಲಿ ಹೆಸರು ಅಚ್ಚಾಗಿದೆ. ಜೋಬನ ಬಾಯಿ ನಿಂಗೊತ್ತಲ್ಲ, ಹೆತ್ತಮ್ಮನ್ನೂ ಬಿಡಲ್ಲ.”

“ಹಾಗಾದ್ರೆ ನೀನೇ ಹ್ಯಾಂಡಲ್ ಹೊಡಿ. ಬೈಯದೆ ಎಬ್ಬಿಸು. ಎದ್ರೆ ನಾನು ಇನ್ನೊಂದು ಮಾತಾಡಲ್ಲ.”

ಏಮಸ್ ಕೋಟು ಬಿಚ್ಚಿ ಬಗ್ಗಿ, ಮೂತಿಯ ಕೆಳಗಿನ ಹ್ಯಾಂಡಲ್ ಹಿಡಿದು ಎಂಜಿನ್ ತಿರುಗಿಸಿದ. ಒಂದು ಸಲ, ಎರಡು ಸಲ, ಹತ್ತು ಸಲ. ಎಂಜಿನ್ ಕೆಮ್ಮುತ್ತಿತ್ತು, ಸುಮ್ಮನಾಗುತ್ತಿತ್ತು. “ಧಣಿ, ಹೆಬ್ಬೆರಳು ಸುತ್ತಿ ಹಿಡೀಬೇಡಿ,” ಅಂದ ಜೋಬ್. ಹಠಕ್ಕೆ ಬಿದ್ದವನ ಕಿವಿಗೆ ಅದು ಬೀಳಲಿಲ್ಲ. ಹನ್ನೊಂದನೆಯ ಸಲ ಎಂಜಿನ್ ಹ್ಯಾಂಡಲನ್ನು ಹಿಂದಕ್ಕೆ ಒದೆಯಿತು. ಮಣಿಕಟ್ಟು ಮುರಿದ ಸದ್ದು ಮೂವರಿಗೂ ಕೇಳಿಸಿತು.

“ಹಾಳಾಗಿ ಹೋಗೇ, ಲೆಟಿ.”

ಅಂದವನು ಏಮಸ್. ಅಂದ ಮೇಲೆ ಪೆಟ್ಟಿಗೆಯ ಮೇಲೆ ಕುಸಿದು, ಕೈಯನ್ನು ಎದೆಗೊತ್ತಿಕೊಂಡು, ನೆಲ ನೋಡುತ್ತ ಕೂತ.

“ಇದ್ದ ಎಂಟು ವರ್ಷದಲ್ಲಿ ಒಂದು ಸಲಾನೂ ಅವಳನ್ನ ಬೈದಿರ್ಲಿಲ್ಲ, ಹೆಸ್ಟರ್.”

ಅವಳು ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಅವನ ಕೈ ಕಟ್ಟಿದಳು. ಯಾರೂ ಹೇಳದೆಯೇ ಜೋಬ್ ಸ್ಕ್ರೂಡ್ರೈವರ್ ತಂದ.

ಮೋಟಾರನ್ನು ರೈಲಿಗೆ ಹಾಕುವ ಚೀಟಿಯಲ್ಲಿ ಅದರ ಹೆಸರು ಕೇಳಿದ್ದರು. ಹೆಸ್ಟರಳೇ ಬರೆದಳು: ಹತ್ತು ಕುದುರೆ ಶಕ್ತಿ.

“ಈಗ ಎಷ್ಟು ಬೇಕಾದ್ರೂ ಬೈಕೋ, ಜೋಬ್,” ಅಂದಳು. “ಕುದುರೆಗಳಿಗೆ ಅಭ್ಯಾಸ ಇದೆ.”

ಸೋಮವಾರ ಹನ್ನೊಂದರ ರೈಲಿಗೆ ಜೋಬ್ ಮೋಟಾರಿನ ಜೊತೆ ಲಂಡನ್ನಿಗೆ ಹೊರಟ, ಒಂದು ಬೈಗುಳವೂ ಇಲ್ಲದೆ.