ಒಬ್ಬರಿಗೆ ಸಾಕಾಗುವ ಮನೆ

“ಒಬ್ಬರಿಗೆ ಮಾತ್ರ ಅಂತ ಸಾರ್ ಮೊದಲೇ ಹೇಳಿದ್ರು,” ಎಂದ ರಾಜೇಶ, ಬೀಗ ತೆರೆಯುತ್ತ.

ರೇಖಾ ಹೊಸ್ತಿಲಾಚೆಯೇ ನಿಂತಳು. “ಒಬ್ಬರಿಗಾ?”

“ಹೌದು ಮೇಡಂ. ಇಬ್ಬರಿಗಾಗುವ ಮನೆ ತೋರಿಸಿದ್ರೆ ಒಳಗೇ ಬರ್ತಿರಲಿಲ್ಲ.”

ಶ್ರೀಧರ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವನ ಮೊಬೈಲನ್ನು ಅವಳು ದಿನವೂ ಚಾರ್ಜಿಗೆ ಹಾಕುತ್ತಿದ್ದಳು. ಯಾರೂ ಕರೆ ಮಾಡುತ್ತಿರಲಿಲ್ಲ. ಮೊನ್ನೆ ಅದು ರಿಂಗಾಯಿತು. ಭಟ್ಕಳದಲ್ಲಿ ಮನೆ ಕೊಡಿಸುವ ರಾಜೇಶ. ಕುಮಟಾದ ಮನೆ ಒಪ್ಪಿಕೊಂಡು ಹೋದವರು ಆಮೇಲೆ ಸುದ್ದಿಯೇ ಇಲ್ಲವಲ್ಲ ಎಂದು ಕೇಳಿದ. ಸಾರ್ ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅವರು ನೋಡಿದ ಮನೆಗಳನ್ನೆಲ್ಲ ತಾನೂ ನೋಡಬೇಕು ಎಂದುಬಿಟ್ಟಳು. ಮಂಗಳೂರಿನಿಂದ ಬೆಳಗಿನ ರೈಲು ಹಿಡಿದು ಬಂದಿದ್ದಳು.

ನಿವೃತ್ತಿಯಾದ ಮೇಲೆ ಕಡಲ ಹತ್ತಿರ ಇರೋಣ ಎಂದು ಇಬ್ಬರೂ ಸೇರಿಯೇ ಮಾತಾಡಿಕೊಂಡಿದ್ದರು. ಮಕ್ಕಳಿರಲಿಲ್ಲ, ಕಟ್ಟಿಹಾಕುವಂಥದ್ದು ಯಾವುದೂ ಇರಲಿಲ್ಲ. ಆದರೆ ಶ್ರೀಧರ ಮನೆ ನೋಡಲು ಒಬ್ಬನೇ ಹೋಗುತ್ತಿದ್ದ. ವಾಪಸು ಬಂದು, “ಯಾವುದೂ ಸರಿಯಿಲ್ಲ,” ಎನ್ನುತ್ತಿದ್ದ.

ಭಟ್ಕಳದ ಪಕ್ಕದ ಜಾಲಿ ಊರಿನ ಈ ಮನೆಯ ಅಡುಗೆಮನೆಯಿಂದಲೇ ಸಮುದ್ರ ಕಾಣುತ್ತಿತ್ತು. ಅವನು ಮೂವತ್ತು ವರ್ಷ ಬಯಸಿದ್ದು ಇದನ್ನೇ.

“ಇದನ್ನು ಯಾಕೆ ಬೇಡ ಅಂದ್ರು?”

“ಮೆಟ್ಟಿಲು ಒಂದರ ಹಾಗೆ ಇನ್ನೊಂದಿಲ್ಲ ಅಂದ್ರು. ಅಷ್ಟೇ.”

ರೇಖಾ ಗೋಡೆ ಹಿಡಿದು ಇಳಿದಳು. ಎರಡು ವರ್ಷದಿಂದ ಅವಳ ಎಡಗಣ್ಣು ಮಸುಕು, ಆಗಾಗ ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು. ಇಳಿಯುವಾಗ ನೆನಪಾದದ್ದು ಕೊನೆಯ ವರ್ಷ. ಶ್ರೀಧರ ಹಾಸಿಗೆಯನ್ನು ಹಾಲಿಗೆ ಒಯ್ದಿದ್ದ, ಸೆಕೆ ಎಂದು. ಮಳೆಗಾಲದಲ್ಲೂ ಒಳಗೆ ಬರಲಿಲ್ಲ. ಗ್ಯಾಸ್ ಸಿಲಿಂಡರ್ ಬದಲಿಸುವುದನ್ನು, ಕರೆಂಟ್ ಬಿಲ್ಲು ಕಟ್ಟುವುದನ್ನು ಹಟ ಹಿಡಿದು ಕಲಿಸಿದ. ನೀವಿದ್ದೀರಲ್ಲ ಎಂದರೆ, “ನಾನು ಯಾವಾಗಲೂ ಇರ್ತೇನಾ?” ಎಂದು ರೇಗುತ್ತಿದ್ದ. ಕೆಲಸವಿಲ್ಲದ ಗಂಡಸಿನ ಸಿಡುಕು ಎಂದುಕೊಂಡಿದ್ದಳು. ಈಗ ಎಲ್ಲ ಬೇರೆಯಾಗಿ ಕಂಡಿತು. ಅವನು ಬಿಟ್ಟು ಹೋಗಲು ಸಿದ್ಧನಾಗುತ್ತಿದ್ದ. ಸಂಕ್ರಾಂತಿ ಕಳೆದ ವಾರ, ಪೇಪರು ಓದುತ್ತ ಕುಳಿತಲ್ಲೇ ಅವನ ಎದೆಬಡಿತ ನಿಂತುಹೋಗದಿದ್ದರೆ ಹೋಗಿಯೇಬಿಡುತ್ತಿದ್ದ.

ಹೊನ್ನಾವರದ ಮನೆ ಬಸ್‌ಸ್ಟ್ಯಾಂಡಿನ ಹತ್ತಿರ. ಅದನ್ನೂ ಅವನು ಬೇಡ ಎಂದಿದ್ದ.

“ಸುತ್ತ ಬರೀ ಆಫೀಸು, ಸಂಜೆ ಮಾತಾಡ್ಸೋಕೆ ಒಂದು ಜನ ಇಲ್ಲ ಅಂದ್ರು,” ಎಂದ ರಾಜೇಶ.

ಹದಿನೆಂಟು ವರ್ಷ ಫ್ಲಾಟಿನಲ್ಲಿದ್ದು ಎದುರುಮನೆಯವರ ಹೆಸರೂ ತಿಳಿಯದ ಮನುಷ್ಯ. ಯಾರೋ ಅಪರಿಚಿತನ ವಿಷಯ ಕೇಳಿದಂತಾಯಿತು ಅವಳಿಗೆ.

ಕಾರು ಹೊನ್ನಾವರ ಬಿಟ್ಟು ಕುಮಟಾದ ಕಡೆ ಹೊರಟಾಗ ರಾಜೇಶ ಮತ್ತೆ ಹೇಳಿದ. “ರೈಲಿನ ಟೈಮು ಬರ್ಕಂಡಿದ್ರು. ಬೆಳಿಗ್ಗೆ ಮಂಗಳೂರಿಗೆ ಹೋಗಿ ಸಂಜೆ ತಿರುಗಿ ಬರೋ ಹಾಗಿರಬೇಕು. ಮೂರು ತಿಂಗಳಿಗೊಂದು ಸಲ ಹೋಗ್ಲೇಬೇಕಾಗ್ತದೆ ಅಂದ್ರು.”

ರೇಖಾ ಕಿಟಕಿಯತ್ತ ಮುಖ ತಿರುಗಿಸಿದಳು. ಮೂರು ತಿಂಗಳಿಗೊಮ್ಮೆ. ದೂರದ ನೆಂಟರನ್ನು ನೋಡಿ ಬಂದ ಹಾಗೆ, ಅವಳನ್ನು.

ಕುಮಟಾದ ಮನೆಗೆ ಸಮುದ್ರ ಕಾಣುತ್ತಿರಲಿಲ್ಲ. ಅಲೆಯ ಸದ್ದು ಮಾತ್ರ ಬರುತ್ತಿತ್ತು. ಹಂಚಿನ ಮನೆಯ ಅರ್ಧದಲ್ಲಿ ಮಾಲೀಕಳಾದ ದುರ್ಗಮ್ಮ. ಇನ್ನರ್ಧ ಖಾಲಿ. ಮೀನುಪೇಟೆಯಿಂದ ಆಗಷ್ಟೇ ಬಂದಿದ್ದ ದುರ್ಗಮ್ಮ ಕೈ ತೊಳೆದು ಬೀಗದಕೈ ತಂದಳು. ರಾಜೇಶ ಫೋನು ಹಿಡಿದು ಅಂಗಳಕ್ಕೆ ಹೋದ.

“ಒಳಗೆ ಬನ್ನಿ. ಎಂತದೂ ಮುಟ್ಲಿಲ್ಲ ನಾನು. ಅವರು ಹೇಳಿದ ಹಾಗೇ ಇಟ್ಟಿದ್ದೆ.”

ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು. ಹೊಸ್ತಿಲ ಅಂಚಿಗೆ ಬಿಳಿ ಬಣ್ಣ. ಅಡುಗೆಮನೆಯ ಹಲಗೆಗಳೆಲ್ಲ ಎದೆಮಟ್ಟಕ್ಕೆ.

“ಇಷ್ಟು ಕೆಳಗೆ ಯಾಕೆ?”

“ಮೊದ್ಲು ಮೇಲಿತ್ತು. ಅವರೇ ಆಚಾರಿ ಕರ್ಸಿ ಇಳ್ಸಿದ್ರು. ನಿಂತು ಮಾಡ್ಸಿದ್ರು. ನಡುನಡುವೆ ಸುಸ್ತಾಗಿ ಕೂತ್ಕಣ್ತಿದ್ರು, ಆದ್ರೂ ಮುಗಿಯೋವರೆಗೆ ಹೋಗ್ಲಿಲ್ಲ.”

ಶ್ರೀಧರ ಆರಡಿ ಆಳು. ಇಷ್ಟು ತಗ್ಗಿನ ಹಲಗೆ ಅವನಿಗಲ್ಲ. ರೇಖಾ ಹಲಗೆಯ ಮೇಲೆ ಕೈಯಾಡಿಸಿದಳು. ಒಬ್ಬನೇ ಇರಲು ಹೊರಟಿದ್ದ ಎಂಬ ನೋವನ್ನು ಹಾದಿಯುದ್ದಕ್ಕೂ ಹೇಗೋ ಹೊತ್ತು ತಂದಿದ್ದಳು. ಇದು ಅದಕ್ಕಿಂತ ಭಾರವಾಗಿತ್ತು.

“ಇಲ್ಲಿ ಇರೋಕೆ ಬರುವವರು ಹೆಂಗಸಾ?” ಎಂದಳು.

“ಹೌದಲ್ಲ. ನಿಮಗೆ ಹೇಳ್ಲಿಲ್ವಾ ಅವರು?” ದುರ್ಗಮ್ಮ ಕಿಟಕಿ ತೆರೆದಳು. “ದಿನಾ ಬೆಳಿಗ್ಗೆ ಒಂದ್ಸಲ ಕರ್ದು ಮಾತಾಡ್ಸಿ ಅಂದಿದ್ರು. ಆತು, ನಾನಿದ್ದೆ ಅಂದೆ. ಬಾಯಿಬಿಟ್ಟು ಏನೂ ಕೇಳೋ ಪೈಕಿ ಅಲ್ಲ ಅವಳು, ನೀವೇ ಕೇಳಬೇಕು ಅಂದ್ರು. ಹೇಳೋವಾಗ ಕಣ್ಣಲ್ಲಿ ನೀರು ಬಂತು ಅವರಿಗೆ.”

ತನಗಾಗಿ ಶ್ರೀಧರ ಅತ್ತದ್ದನ್ನು ರೇಖಾ ಎಂದೂ ಕಂಡಿರಲಿಲ್ಲ. ಕೇಳದೆ ಹೊರಟುಬಿಡಬಹುದಿತ್ತು. ಖಾಲಿ ಫ್ಲಾಟಿಗೆ ಹೋಗಿ, ಒಳ್ಳೆಯ ಗಂಡನಿದ್ದ ಎಂದುಕೊಂಡೇ ಉಳಿದ ದಿನ ಕಳೆಯಬಹುದಿತ್ತು.

“ಯಾರು ಅವಳು?” ಎಂದಳು ಕೊನೆಗೆ.

“ರೇಖಾ ಅಂತ ಹೇಳಿದ್ರಪ್ಪ,” ಎಂದಳು ದುರ್ಗಮ್ಮ. “ಗಂಡ ತೀರಿಹೋಗಿದಾನೆ, ಒಬ್ಬಳೇ ಬರ್ತಾಳೆ ಅಂದಿದ್ರು, ಹೋದ ವರ್ಷ ಚೌತಿಗಿಂತ ಮೊದ್ಲೇ.”